ಇನ್ನು ಜನ ಸತ್ತಿಲ್ಲ, ಅವರ ಹೆಸರಲ್ಲಿ ತಿಥಿ ಊಟ ಹಾಕಬೇಡಿ



ಉದ್ದ ಬರೀತಿದ್ದೀನಿ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬೈಯ್ಯೋದಿದ್ರೆ ಬೈಯಿರಿ.

ಹೋದ ವಾರ ನಾನಿರೋ ಒಂದು ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಕೆನಡಾದ ಹಿಮದಲ್ಲಿ ನಿಂತ ಮೂಲನಿವಾಸಿ ಮಕ್ಕಳ ಹಳೇ ಫೋಟೋ. ಕೆಳಗಿದ್ದ ಬರಹದ ಸಾರಾಂಶ ಇಷ್ಟು: ಇವರು ಇನ್ನು ಜನಾಂಗ, ಕ್ರೈಸ್ತರಾದರು, ನಾಶವಾದರು, ಮತಾಂತರದ ಗತಿ ಇದೇ. ಕಳಿಸಿದವನು ಯಾವ ಶಾಖೆಯವನು ಅಂತ ನಾನು ಹೇಳಬೇಕಾಗಿಲ್ಲ. ಅವನ ಮೇಲೆ ನನಗೆ ಹೊಸದಾಗಿ ಸಿಟ್ಟೇನೂ ಬರಲಿಲ್ಲ. ಅದು ಅವನ ಕೆಲಸ.

ಸಿಟ್ಟು ಬಂದದ್ದು ನಮ್ಮವನೇ ಒಬ್ಬ ಕೊಟ್ಟ ಉತ್ತರಕ್ಕೆ. "ಮಿಷನರಿಗಳು ಹೋಗದೇ ಇದ್ದಿದ್ರೆ ಆ ಜನಕ್ಕೆ ಅಕ್ಷರ ಎಲ್ಲಿತ್ತು ಬ್ರದರ್? ಇವತ್ತಿಗೂ ಕಾಡಲ್ಲಿ ಮೂಳೆ ಚೀಪ್ಕೊಂಡಿರ್ತಿದ್ರು" ಅಂತ ಬರೆದ. ಹನ್ನೆರಡು ಜನ ಚಪ್ಪಾಳೆ ಹೊಡೆದರು. ಅದರಲ್ಲಿ ನನ್ನ ಜೊತೆ ಧರಣಿ ಕೂತವರೂ ಇದ್ದರು.

ಮೂಳೆ ಚೀಪೋರು! ಉಣ್ಣೋದರ ಮೇಲೆ ಮನುಷ್ಯನ ಬೆಲೆ ಕಟ್ಟೋ ಜನರ ಕೈಲಿ ತಲೆಮಾರುಗಳಿಂದ ನರಳಿದವರು ನಾವು. ಆ ಮಾತು ನಮ್ಮ ಬಾಯಲ್ಲಿ ಬರಬಹುದಾ? ಅದಕ್ಕೇ ಈ ಬರಹ. ಆ ಮೂಳೆಯಿಂದಲೇ ಶುರು ಮಾಡ್ತೀನಿ.

ಮೊದಲು ಅವರು ಯಾರು ಅಂತ ಹೇಳಿಬಿಡ್ತೀನಿ. ಕೆನಡಾದ ಈಶಾನ್ಯ ಮೂಲೆಯಲ್ಲಿ ಕ್ವಿಬೆಕ್ ಮತ್ತು ಲ್ಯಾಬ್ರಡಾರ್ ಸೇರಿದ ದೊಡ್ಡ ಪರ್ಯಾಯ ದ್ವೀಪ ಇದೆ. ಇನ್ನು ಜನ ಆ ನೆಲವನ್ನ ನಿತಾಸ್ಸಿನಾನ್ ಅಂತಾರೆ, ಅಂದ್ರೆ ನಮ್ಮ ನೆಲ. ಇವರು ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದಾರೆ. ಅವರ ನುಡಿ ಇನ್ನು-ಐಮುನ್. ಕನ್ನಡದಲ್ಲಿ 'ಇನ್ನೂ' ಅಂದ್ರೆ ಬೇರೆ ಅರ್ಥ, ಗೊಂದಲ ಬೇಡ. ಅವರ ನುಡಿಯಲ್ಲಿ ಇನ್ನು ಅಂದ್ರೆ ಮನುಷ್ಯ. ಅಷ್ಟೇ. ಫ್ರೆಂಚರು ಬಂದು ಅವರನ್ನ 'ಮೊಂತಾನ್ಯೆ' ಅಂದ್ರು, ಬೆಟ್ಟದ ಜನ ಅಂತ. ಉತ್ತರದ ಕಡೆಯವರಿಗೆ 'ನಸ್ಕಾಪಿ' ಅಂತ ಇನ್ನೊಂದು ಹೆಸರು ಅಂಟಿಸಿದರು. ಎಲ್ಲಾ ಸೇರಿಸಿ 'ಸೊವಾಜ್' ಅಂದ್ರು, ಕಾಡುಮನುಷ್ಯ ಅಂತ. ನಮ್ಮ ಆದಿವಾಸಿಗಳನ್ನ ವನವಾಸಿ ಅಂತ ಕರೆಯೋರಿಗೆ ಈ ಹೆಸರಿಡೋ ಆಟ ಚೆನ್ನಾಗಿ ಗೊತ್ತಿದೆ. ತನ್ನನ್ನ ಮನುಷ್ಯ ಅಂತ ಕರ್ಕೊಂಡ ಜನಕ್ಕೆ ಬೇರೆಯವರು ಇಟ್ಟ ಹೆಸರು ಯಾಕೆ ಬೇಕು?

ಅವರ ಬದುಕು ನಿಂತಿದ್ದು ಕ್ಯಾರಿಬೂ ಮೇಲೆ. ನಮ್ಮ ಕಡವೆಯಷ್ಟು ದೊಡ್ಡದಾದ, ಹಿಂಡುಹಿಂಡಾಗಿ ನಡೆಯೋ ಹಿಮನಾಡಿನ ಜಿಂಕೆ ಅದು. ಬೇಸಿಗೆಯಲ್ಲಿ ಕಡಲ ತೀರಕ್ಕೆ, ಕೆರೆಗಳ ದಡಕ್ಕೆ ಬರೋರು. ಚಳಿಗಾಲ ಬಂತಂದ್ರೆ ಒಳನಾಡಿಗೆ, ಅವರ ಮಾತಲ್ಲಿ ನುಚಿಮಿತ್‌ಗೆ ಹೊರಟುಬಿಡೋರು. ಮರದ ಚೌಕಟ್ಟಿಗೆ ತೊಗಲಿನ ಬಲೆ ಹೆಣೆದ ಹಿಮದ ಮೆಟ್ಟು ಹಾಕ್ಕೊಂಡು, ಸಾಮಾನೆಲ್ಲ ಹಿಮಗಾಡಿಗೆ ಕಟ್ಟಿ ಎಳ್ಕೊಂಡು ನೂರಾರು ಕಿಲೋಮೀಟರ್ ನಡೆಯೋರು. ವ್ಯಾಪಾರಿಗಳಿಂದ ಚಹಾ ಬಂದಮೇಲೆ ಹೆಂಗಸರು ತೊಗಲು, ಬಟ್ಟೆಯಲ್ಲಿ ಬೊಂಬೆ ಹೊಲಿದು ಹೊಟ್ಟೆಯೊಳಗೆ ಚಹಾ ಎಲೆ ತುಂಬ್ತಿದ್ರು. ಮಗು ಆ ಬೊಂಬೆ ಹಿಡ್ಕೊಂಡು ನಡೆಯೋದು. ಆಟಕ್ಕೆ ಆಟ, ಹೊರೆ ಹಂಚಿಕೊಂಡಂಗೂ ಆಯ್ತು. ಚಹಾ ಮುಗಿದರೆ ಬೊಂಬೆ ಬಿಚ್ಚೋದು, ಆಮೇಲೆ ಮತ್ತೇನಾದರೂ ತುಂಬಿ ಹೊಲಿಯೋದು.

ಕ್ಯಾರಿಬೂಗೆ ಒಬ್ಬ ಒಡೆಯ ಇದ್ದಾನೆ ಅಂತ ಅವರ ನಂಬಿಕೆ. ಬೇಟೆ ಸಿಕ್ಕೋದು ಗಂಡಸಿನ ಗುರಿಯಿಂದಲ್ಲ, ಆ ಒಡೆಯ ಕೊಟ್ಟರೆ ಮಾತ್ರ. ಹಾಗಾಗಿ ಮೂಳೆಗೆ ಮರ್ಯಾದೆ ಕೊಡಬೇಕು. ನಾಯಿ ಬಾಯಿಗೆ ಬೀಳೋ ಹಂಗೆ ಬಿಸಾಡಬಾರದು, ಎತ್ತರದ ಅಟ್ಟಣಿಗೆ ಮೇಲೆ ಇಡಬೇಕು. ಕಾಲಿನ ಉದ್ದ ಮೂಳೆಗಳನ್ನ ಕುಟ್ಟಿ, ಕುದಿಸಿ, ಮೇಲೆ ಬಂದ ನೆಣ ತೆಗೆದು, ಎಲ್ಲರೂ ಒಂದೇ ಗುಡಾರದಲ್ಲಿ ಕೂತು ಉಣ್ತಾರೆ. ಅದರ ಹೆಸರು ಮಕುಶಾನ್. ಅವರ ಅತಿ ಪವಿತ್ರ ಊಟ ಅದು. ಊಟ ಆದಮೇಲೆ ಹಿರಿಯರು ತೆವೆಯಿಕನ್ ಅನ್ನೋ ಹಲಗೆ ಬಾರಿಸಿ ಹಾಡ್ತಾರೆ. ಆ ವಾದ್ಯ ಮುಟ್ಟಬೇಕಾದರೆ ಮೊದಲು ಕನಸಲ್ಲಿ ಅಪ್ಪಣೆ ಆಗಬೇಕು. ದುಡ್ಡು ಕೊಟ್ಟರೆ ಸಿಕ್ಕಲ್ಲ, ಹುಟ್ಟಿನಿಂದಲೂ ಬರಲ್ಲ.

ಬ್ರದರ್, ನೀನು ಗೇಲಿ ಮಾಡಿದ ಮೂಳೆ ಇದು. ನಾಲ್ಕು ಮನೆಗೆ ಸಮನಾಗಿ ಹಂಚಿದ ಮೂಳೆ.

ಹಾಗಂತ ಅದನ್ನ ಸ್ವರ್ಗ ಅಂತ ನಾನು ಹೇಳಲ್ಲ. ಕ್ಯಾರಿಬೂ ಸಿಗದ ವರ್ಷ ಉಪವಾಸ ಬಿದ್ದು ಸತ್ತಿದ್ದಾರೆ. ಆದರೆ ಒಬ್ಬ ಉಂಡು ಪಕ್ಕದ ಗುಡಾರ ಹಸಿದಿರೋದು ಅವರ ಧರ್ಮಕ್ಕೆ ವಿರುದ್ಧ. ಆ ಹಂಚಿಕೆಯನ್ನ ನಮ್ಮ ಊರುಗಳಲ್ಲಿ ಒಂದು ಬಾವಿ ನೀರಿಗೆ ನಾವು ಕಂಡಿಲ್ಲ.

ಈಗ ಪಾದ್ರಿ ವಿಷಯಕ್ಕೆ ಬರೋಣ. ಇಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲ್ಲ.

ಪೌಲ್ ಲ ಜೂನ್ ಅನ್ನೋ ಫ್ರೆಂಚ್ ಜೆಸ್ವಿಟ್ ಪಾದ್ರಿ 1633-34ರ ಚಳಿಗಾಲ ಪೂರ್ತಿ ಇವರ ಜೊತೆ ಕಾಡಲ್ಲಿ ಅಲೆದ. ಹೊಗೆ, ಚಳಿ, ಹಸಿವು ಎಲ್ಲಾ ಅನುಭವಿಸಿ ತನ್ನ ಮೇಲಿನವರಿಗೆ ವರದಿ ಬರೆದ. ಆ ವರದಿ ಇವತ್ತಿಗೂ ಇದೆ. ಅವನಿಗೆ ಯಾವುದು ಸಹಿಸೋಕೆ ಆಗಲಿಲ್ಲ ಗೊತ್ತಾ? ಈ ಜನ ಯಾರ ಅಪ್ಪಣೆಗೂ ಕಾಯಲ್ಲ, ನಾಯಕನಿಗೂ ಹೆದರಲ್ಲ. ಹೆಂಗಸರು ಗಂಡನ ಮಾತಿಗೆ ತಲೆ ಬಾಗಿಸಲ್ಲ. ಮಕ್ಕಳಿಗೆ ಹೊಡೆಯಲ್ಲ. ಇದೆಲ್ಲ ಅವನ ಕಣ್ಣಿಗೆ ರೋಗದ ಥರ ಕಂಡಿತು. ಅದಕ್ಕೆ ಅವನು ಬರೆದ ಮದ್ದಿನ ಚೀಟಿ: ಒಂದೇ ಕಡೆ ನೆಲೆ ನಿಲ್ಲಿಸಬೇಕು, ಅಪ್ಪಣೆ ಮಾಡೋ ಮುಖ್ಯಸ್ಥರನ್ನ ಮಾಡಬೇಕು, ಹೆಂಗಸರನ್ನ ಗಂಡಂದಿರ ಹಿಡಿತಕ್ಕೆ ತರಬೇಕು, ಮಕ್ಕಳನ್ನ ತಂದೆತಾಯಿಂದ ದೂರ ಇಟ್ಟು ಕಲಿಸಬೇಕು. ಯಾಕೆ ದೂರ? ಮಗುವಿಗೆ ಪೆಟ್ಟು ಬಿದ್ದರೆ ಹೆತ್ತವರು ಸಹಿಸಲ್ಲ ಅಂತ.

ಒಂದು ಪ್ರಸಂಗ ಅವನೇ ಬರ್ಕೊಂಡಿದ್ದಾನೆ. ಹೆಂಡತಿಯನ್ನ ಹದ್ದುಬಸ್ತಲ್ಲಿ ಇಡದಿದ್ರೆ ಹುಟ್ಟೋ ಮಗು ನಿನ್ನದೇ ಅಂತ ಹೆಂಗೆ ಗೊತ್ತಾಗುತ್ತೆ ಅಂತ ಒಬ್ಬ ಇನ್ನು ಗಂಡಸಿಗೆ ಬುದ್ಧಿ ಹೇಳೋಕೆ ಹೋದ. ಅವನು ನಕ್ಕು, ನಿನಗೇ ಬುದ್ಧಿ ಇಲ್ಲ, ನೀವು ಫ್ರೆಂಚರು ನಿಮ್ಮ ಸ್ವಂತ ಮಕ್ಕಳನ್ನ ಮಾತ್ರ ಪ್ರೀತಿಸ್ತೀರಿ, ನಾವು ನಮ್ಮ ಕುಲದ ಎಲ್ಲಾ ಮಕ್ಕಳನ್ನೂ ಪ್ರೀತಿಸ್ತೀವಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಹೆಣ್ಣಿನ ಹೊಟ್ಟೆಗೆ ಕಾವಲು ಹಾಕೋದರಿಂದಲೇ ಜಾತಿ ಉಳ್ಕೊಂಡಿದೆ ಅಂತ ಬಾಬಾಸಾಹೇಬರು 1916ರಲ್ಲೇ ತೋರಿಸಿಕೊಟ್ಟರು. ಆ ಕಾವಲೇ ಇಲ್ಲದ ಒಬ್ಬ ಮನುಷ್ಯ ಪಾದ್ರಿಯ ಮುಂದೆ ಕೂತಿದ್ದ. ಪಾದ್ರಿಗೆ ಅದು ಪಾಪವಾಗಿ ಕಂಡಿತು. ಮಾನವಶಾಸ್ತ್ರಜ್ಞೆ ಎಲೀನರ್ ಲೀಕಾಕ್ ಇದೇ ದಾಖಲೆಗಳನ್ನ ಓದಿ, ಗಂಡಾಳ್ವಿಕೆ ಪ್ರಕೃತಿ ನಿಯಮ ಅಲ್ಲ, ಇನ್ನು ಜನರ ಮೇಲೆ ಅದನ್ನ ಹೊರಗಿನಿಂದ ಹೇರಲಾಯ್ತು ಅಂತ ವಾದಿಸಿದರು. 1637ರಲ್ಲಿ ಕ್ವಿಬೆಕ್ ಪಟ್ಟಣದ ಹತ್ತಿರ ಸಿಯರಿ ಅಂತ ನೆಲೆ ಕಟ್ಟಿ, ಮತಾಂತರ ಆದವರನ್ನ ಕೂರಿಸಿ, ಗಂಡನ ಮಾತು ಮೀರಿದ ಹೆಂಗಸರಿಗೆ ಶಿಕ್ಷೆ ಕೊಡೋ ಏರ್ಪಾಡೂ ಆಯ್ತು.

ಫಾರ್ವರ್ಡ್ ಕಳಿಸಿದವನು ಇಷ್ಟು ಓದಿ ಹಿಗ್ಗಬಹುದು. ತಾಳಪ್ಪಾ, ಕಥೆ ಇಲ್ಲಿಗೆ ಮುಗಿದಿಲ್ಲ.

ಪಾದ್ರಿ ತಂದ ಧರ್ಮವನ್ನ ಇನ್ನು ಜನ ಏನು ಮಾಡ್ಕೊಂಡರು ಅನ್ನೋದು ಯಾರಿಗೂ ಬೇಡವಾದ ಭಾಗ. ಪಾದ್ರಿ ವರ್ಷಕ್ಕೊಂದ್ಸಲ, ಬೇಸಿಗೆಯಲ್ಲಿ, ತೀರದ ವ್ಯಾಪಾರದ ಕಟ್ಟೆಗೆ ಬರೋನು. ಆಗ ಜ್ಞಾನಸ್ನಾನ, ಮದುವೆ ಎಲ್ಲಾ. ಮಿಕ್ಕ ತಿಂಗಳೆಲ್ಲ ಒಳನಾಡಲ್ಲಿ ಪಾದ್ರಿ ಇಲ್ಲ, ಗುಡಿ ಇಲ್ಲ. ಗುಡಾರದಲ್ಲಿ ಅಜ್ಜಿಯೋ ತಾತನೋ ಪ್ರಾರ್ಥನೆ ನಡೆಸೋರು. 1767ರಲ್ಲಿ ಲ ಬ್ರಾಸ್ ಅನ್ನೋ ಪಾದ್ರಿ ಅವರ ನುಡಿಯಲ್ಲೇ ಒಂದು ಪ್ರಾರ್ಥನಾ ಪುಸ್ತಕ ಅಚ್ಚು ಹಾಕಿಸಿದ, ಓದೋದನ್ನ ಕೆಲವರಿಗೆ ಕಲಿಸಿದ. ಆಮೇಲೆ ತಾಯಿ ಮಗಳಿಗೆ, ಅಪ್ಪ ಮಗನಿಗೆ, ಗುಡಾರದೊಳಗೇ ಆ ಓದು ದಾಟಿಸಿದರು. ಶಾಲೆ ಇಲ್ಲ, ಬೆತ್ತ ಇಲ್ಲ. ಹಾಡುಗಳನ್ನ ತಮ್ಮ ನುಡಿಯಲ್ಲಿ ತಮ್ಮ ರಾಗಕ್ಕೆ ಎಳ್ಕೊಂಡರು. ಇವತ್ತಿಗೂ ಸಾವಿನ ಮನೆಯಲ್ಲಿ ಹಿರಿಯರು ಆ ಹಾಡು ಹಾಡಿಯೇ ಕಳಿಸಿಕೊಡ್ತಾರೆ.

ಸಂತರಲ್ಲಿ ಅವರು ಅಪ್ಪಿಕೊಂಡದ್ದು ಯಾರನ್ನ? ಸಂತ ಅನ್ನಮ್ಮನನ್ನ. ಮರಿಯಮ್ಮನ ತಾಯಿ, ಏಸುವಿನ ಅಜ್ಜಿ. ಅಜ್ಜಿಯರನ್ನ ತಲೆ ಮೇಲೆ ಹೊತ್ತ ಸಮಾಜ, ದೇವರ ಮನೆಯಲ್ಲೂ ಅಜ್ಜಿಯನ್ನೇ ಹುಡುಕಿ ತಗೊಂಡಿತು. ಪ್ರತಿ ಜುಲೈನಲ್ಲಿ ಕ್ವಿಬೆಕ್ಕಿನ ಸೇಂತ್ ಆನ್ ದ ಬೊಪ್ರೆ ಯಾತ್ರೆಗೆ ದೂರದೂರದ ಊರುಗಳಿಂದ ಇನ್ನು ಕುಟುಂಬಗಳು ಬರ್ತವೆ. ಪಾದ್ರಿಗಳು ಅವರ ಹಲಗೆಯನ್ನ, ದೈವದ ಜೊತೆ ಮಾತಾಡೋ ನಡುಗುವ ಗುಡಾರದ ವಿಧಿಯನ್ನ ಸೈತಾನನ ಕೆಲಸ ಅಂತ ಬೈದರು. ಜನ ಪಾದ್ರಿ ಮುಂದೆ ಸುಮ್ಮನಿದ್ದು ಕಾಡಲ್ಲಿ ಹಲಗೆ ಬಾರಿಸಿದರು. ಜಪಸರವೂ ಇತ್ತು, ಮಕುಶಾನೂ ಇತ್ತು. ಕ್ಯಾರಿಬೂ ಒಡೆಯನನ್ನ ನೆನೆದ ಬಾಯಲ್ಲೇ ಏಸುವನ್ನೂ ನೆನೆದರು.

ನಮ್ಮ ದೊಡ್ಡಮ್ಮ ಭಾನುವಾರ ಚರ್ಚಿಗೆ ಹೋಗೋಳು, ಮಾರಿಹಬ್ಬಕ್ಕೆ ತಂಬಿಟ್ಟೂ ಮಾಡೋಳು. ಇದೇನು ದೊಡ್ಡಮ್ಮ ಅಂದ್ರೆ, "ಇಬ್ಬರೂ ನಮ್ಮ ಕಷ್ಟಕ್ಕೆ ಆದವರೇ ಕಣ್ಲಾ" ಅನ್ನೋಳು. ಅವಳನ್ನ ಸೋತವಳು, ಮೋಸ ಹೋದವಳು ಅಂತ ಕರೆಯೋ ಯೋಗ್ಯತೆ ನನಗಿಲ್ಲ. ಇನ್ನು ಅಜ್ಜಿಯ ಕೈಲಿರೋ ಜಪಸರ ನೋಡಿ ಅದು ಬೇಡಿ ಅಂತ ಹೇಳೋಕೆ ಬೆಂಗಳೂರಿನ ನೀವು ಯಾರು?

ಹಾಗಾದರೆ ಅವರ ಬದುಕು ಮುರಿದದ್ದು ಎಲ್ಲಿ? ತಾರೀಖು ನೋಡಿ. ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ನೋಡಿದವನು ನಾನು. ಯಾವ ಆದೇಶ ಯಾವಾಗ ಹೊರಟಿತು ಅಂತ ನೋಡಿದರೆ ಯಾರ ಕೈವಾಡ ಅಂತ ಗೊತ್ತಾಗುತ್ತೆ.

ಕ್ರೈಸ್ತ ಧರ್ಮ ಬಂದು ಮುನ್ನೂರು ವರ್ಷ ಆದಮೇಲೂ ಒಳನಾಡಿನ ಇನ್ನು ಜನ ಬೇಟೆಗೆ ಹೋಗ್ತಿದ್ದರು, ಹಲಗೆ ಬಾರಿಸ್ತಿದ್ದರು. ಮುರಿದದ್ದು 1940ರಿಂದ 70ರೊಳಗೆ. ನೆಲದಡಿ ಕಬ್ಬಿಣದ ಅದಿರು ಸಿಕ್ಕಿತು. 1954ರಲ್ಲಿ ಸೆಟೀಲ್ ಬಂದರಿನಿಂದ ಶೆಫರ್‌ವಿಲ್ ಗಣಿಗೆ ರೈಲು ಹೋಯ್ತು. 1970ರ ದಶಕದ ಶುರುವಿನಲ್ಲಿ ಚರ್ಚಿಲ್ ಫಾಲ್ಸ್ ವಿದ್ಯುತ್ ಯೋಜನೆಗೆ ಆರು ಸಾವಿರ ಚದರ ಕಿಲೋಮೀಟರಿಗೂ ದೊಡ್ಡ ಜಲಾಶಯ ಕಟ್ಟಿದರು. ಮೆಶಿಕಮಾವ್ ಸರೋವರದ ಸುತ್ತಲಿನ ಬೇಟೆ ದಾರಿ, ಬಿಡಾರ, ಹಿರಿಯರ ಗೋರಿ ಎಲ್ಲಾ ಮುಳುಗಿತು. ಇನ್ನು ಜನರನ್ನ ಒಂದು ಮಾತು ಕೇಳಲಿಲ್ಲ. ಖಾಲಿ ನೆಲ ಅಂತ ಕಡತದಲ್ಲಿ ಬರೆದುಬಿಟ್ಟರೆ ಮುಗೀತು.

ಅಲೆಯೋ ಜನ ಒಂದೇ ಕಡೆ ಕೂತರೆ ನೆಲ ಖಾಲಿ ಆಗುತ್ತೆ. ಲ ಜೂನ್ ಬರೆದ ಮದ್ದಿನ ಚೀಟಿ ಮುನ್ನೂರು ವರ್ಷದ ಮೇಲೆ ಸರ್ಕಾರಕ್ಕೂ ಕಂಪನಿಗೂ ಉಪಯೋಗಕ್ಕೆ ಬಂತು. 1948ರಲ್ಲಿ ಮುಶುವಾವ್ ಇನ್ನು ಜನರನ್ನ ಉತ್ತರದ ನುಟಾಕ್ ಅನ್ನೋ ಜಾಗಕ್ಕೆ ಸಾಗಿಸಿ ಮೀನು ಹಿಡೀರಿ ಅಂದ್ರು. ಒಂದೆರಡು ವರ್ಷದೊಳಗೆ ಜನ ನಡ್ಕೊಂಡು ವಾಪಸ್ ಬಂದರು. 1967ರಲ್ಲಿ ಅವರನ್ನೇ ಡೇವಿಸ್ ಇನ್ಲೆಟ್ ಅನ್ನೋ ದ್ವೀಪದಲ್ಲಿ ಕೂರಿಸಿದರು. ನಲ್ಲಿ ನೀರು ಬರುತ್ತೆ ಅಂತ ಮಾತು ಕೊಟ್ಟಿದ್ದರು, ಬರಲಿಲ್ಲ. ಹಿಮ ಕರಗೋ ಕಾಲದಲ್ಲೂ ಕಟ್ಟೋ ಕಾಲದಲ್ಲೂ ದ್ವೀಪ ದಾಟೋಕೆ ಆಗಲ್ಲ, ಅಂದ್ರೆ ಬೇಟೆ ಕಾಲದಲ್ಲೇ ಸೆರೆ. 1992ರ ಫೆಬ್ರವರಿಯಲ್ಲಿ ಅಲ್ಲೊಂದು ಮನೆಗೆ ಬೆಂಕಿ ಬಿದ್ದು ಆರು ಮಕ್ಕಳು ಸತ್ತರು. ಮರುವರ್ಷ ಅದೇ ಊರಿನ ಆರು ಮಕ್ಕಳು ಪೆಟ್ರೋಲ್ ವಾಸನೆ ಎಳೆದು ಸಾಯ್ತೀವಿ ಅಂತ ಕೂಗಿದ ವಿಡಿಯೋ ಜಗತ್ತೆಲ್ಲ ಸುತ್ತಿತು. ಆ ಫಾರ್ವರ್ಡ್‌ಗಳಿಗೆ ಬಂಡವಾಳ ಇಂಥವೇ.

ಏಸುವನ್ನ ನಂಬಿದ್ದಕ್ಕೆ ಆ ಮಕ್ಕಳು ಹಂಗಾದರಾ? ನೆಲ ಕಿತ್ಕೊಂಡು, ನೀರು ಕೊಡದೆ, ಅಪ್ಪನ ಕೈಯಿಂದ ಬೇಟೆ ಕಸಿದು, ಒಂದು ದ್ವೀಪದ ಮೇಲೆ ಬಿಸಾಡಿದ್ದಕ್ಕೆ ಹಂಗಾದರಾ? ಉತ್ತರ ನಿಮಗೂ ಗೊತ್ತು.

ಆದರೆ ಚರ್ಚ್ ಇದರಲ್ಲಿ ಕೈ ತೊಳ್ಕೊಳೋಕೆ ಆಗಲ್ಲ. ಇದನ್ನ ನಮ್ಮ ಕ್ರೈಸ್ತ ಗೆಳೆಯರು ತಾಳ್ಮೆಯಿಂದ ಕೇಳಿಸ್ಕೊಬೇಕು. 1949ರಲ್ಲಿ ಸೆಟೀಲ್ ಹತ್ತಿರ ಸರ್ಕಾರ ಒಂದು ಮೀಸಲು ನೆಲೆ ಮಾಡಿತು, ಹೆಸರು ಮನಿ-ಉತೆನಾಮ್, ಮರಿಯಳ ಊರು. 1952ರಲ್ಲಿ ಅಲ್ಲಿ ಒಬ್ಲೇಟ್ ಪಾದ್ರಿಗಳು ನಡೆಸೋ ವಸತಿ ಶಾಲೆ ತೆರೀತು. ವಸತಿ ಶಾಲೆ ಅಂದಕೂಡ್ಲೆ ನಮ್ಮ ಮೊರಾರ್ಜಿ ಶಾಲೆ ನೆನೆಸ್ಕೊಬೇಡಿ. ಅದು ನಾವು ಕೇಳಿ, ಅರ್ಜಿ ಹಾಕಿ, ಸೀಟು ಸಿಕ್ಕರೆ ಹಿಗ್ಗೋ ಶಾಲೆ. ಇದು ಮಗುವನ್ನ ಮನೆಯಿಂದ ಕಿತ್ತು, ನುಡಿ ಮರೆಸಿ, ಬೇರೆ ಮನುಷ್ಯನನ್ನ ಮಾಡೋಕೆ ಕಟ್ಟಿದ ಶಾಲೆ. 1971ರವರೆಗೂ ನಡೀತು.

ಇನ್ನೊಂದು: ಅಲೆಕ್ಸಿಸ್ ಜೊವೆನೊ ಅನ್ನೋ ಬೆಲ್ಜಿಯಂ ಮೂಲದ ಒಬ್ಲೇಟ್ ಪಾದ್ರಿ 1950ರ ದಶಕದಿಂದ 1992ರಲ್ಲಿ ಸಾಯೋವರೆಗೆ ಉನಾಮೆನ್-ಶಿಪು ಊರಲ್ಲಿದ್ದ. ಇನ್ನು-ಐಮುನ್ ನುಡಿ ಅಚ್ಚುಕಟ್ಟಾಗಿ ಮಾತಾಡ್ತಿದ್ದ, ಸಿನಿಮಾದಲ್ಲೂ ಕಾಣಿಸ್ಕೊಂಡ, ಹೊರಗಿನವರ ಕಣ್ಣಿಗೆ ಮಹಾತ್ಮ. 1961ರಲ್ಲಿ ಪಕುವಾ-ಶಿಪು ಊರಿನ ಜನರನ್ನ ಹಡಗು ಹತ್ತಿಸಿ ಇವನ ಊರಿಗೆ ತಂದರು. 1963ರಲ್ಲಿ ಅವರಲ್ಲಿ ಕೆಲವು ಕುಟುಂಬಗಳು ಹಿಮದಲ್ಲಿ ನಡ್ಕೊಂಡೇ ತಮ್ಮೂರಿಗೆ ವಾಪಸ್ ಹೋದವು. 2017ರಲ್ಲಿ, ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಹೆಂಗಸರ ಬಗ್ಗೆ ರಾಷ್ಟ್ರೀಯ ವಿಚಾರಣೆ ನಡೆದಾಗ, ಇನ್ನು ಹೆಂಗಸರು ಎದ್ದು ನಿಂತು ಆ ಪಾದ್ರಿ ತಮ್ಮ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಬಗ್ಗೆ ಸಾಕ್ಷಿ ಹೇಳಿದರು. ಅವನು ಸತ್ತು ಇಪ್ಪತ್ತೈದು ವರ್ಷ ಆಗಿತ್ತು. ಅಷ್ಟು ವರ್ಷ ಆ ಮಾತನ್ನ ಹೊಟ್ಟೇಲಿಟ್ಕೊಂಡಿದ್ದ ಹೆಂಗಸರಲ್ಲಿ ಎಷ್ಟೋ ಜನ ಇವತ್ತಿಗೂ ಪ್ರಾರ್ಥನೆ ಬಿಟ್ಟಿಲ್ಲ. ದೇವರ ಮೇಲಿನ ನಂಬಿಕೆ ಬೇರೆ, ದೇವರ ಹೆಸರಲ್ಲಿ ಬಂದವನ ಅಧಿಕಾರ ಬೇರೆ ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿದೆ. ನಮಗೆ ಗೊತ್ತಾಗ್ತಿಲ್ಲ.

ಈಗ ಅಕ್ಷರದ ಮಾತು. 'ಮಿಷನರಿ ಅಕ್ಷರ ಕೊಟ್ಟ' ಅನ್ನೋ ಗೆಳೆಯನಿಗೆ ಒಂದು ಹೆಸರು ಹೇಳ್ತೀನಿ: ಆನ್ ಅಂತಾನ್ ಕಪೇಶ್. 1926ರಲ್ಲಿ ಹುಟ್ಟಿ ಬೇಟೆಯ ಬದುಕಲ್ಲೇ ಬೆಳೆದ ಹೆಣ್ಣುಮಗಳು, ಆಮೇಲೆ ಶೆಫರ್‌ವಿಲ್ ಹತ್ತಿರದ ತನ್ನ ಸಮುದಾಯದ ಮುಖ್ಯಸ್ಥೆ ಆದಳು. 1976ರಲ್ಲಿ ಇನ್ನು-ಐಮುನ್ ನುಡಿಯಲ್ಲಿ, ಪಕ್ಕದಲ್ಲಿ ಫ್ರೆಂಚ್ ಅನುವಾದ ಇಟ್ಟು, ಪುಸ್ತಕ ತಂದಳು. ಹೆಸರಿನ ಅರ್ಥ 'ನಾನು ಒಬ್ಬ ಹಾಳು ಕಾಡುಹೆಂಗಸು'. ಬೈಗುಳವನ್ನೇ ಹಣೆಗೆ ಕಟ್ಕೊಂಡು ಎದುರಿಗೆ ನಿಂತಳು. ಗಣಿ ಕಂಪನಿ, ಪೊಲೀಸು, ಶಾಲೆ, ಹೆಂಡ ಮಾರೋನು, ಪತ್ರಿಕೆಯವನು, ಯಾರನ್ನೂ ಬಿಡಲಿಲ್ಲ. ನಮ್ಮ ದಲಿತ ಆತ್ಮಕಥೆಗಳನ್ನ ಓದಿದವರಿಗೆ ಆ ದನಿ ಅಕ್ಕನ ದನಿ ಥರ ಕೇಳಿಸುತ್ತೆ. ಅಕ್ಷರ ಯಾರು ತಂದರು ಅನ್ನೋದು ಸಣ್ಣ ಪ್ರಶ್ನೆ. ಅದನ್ನ ತಗೊಂಡು ಯಾರ ವಿರುದ್ಧ ಬರೆದರು ಅನ್ನೋದು ದೊಡ್ಡದು. ಅಕ್ಷರ ಕೊಟ್ಟವನಿಗೆ ಜೀವಮಾನ ಜೀತ ಇರಬೇಕು ಅಂತ ಎಲ್ಲೂ ಬರೆದಿಲ್ಲ. 'ಮೀಸಲಾತಿ ಕೊಟ್ಟಿದ್ದೀವಲ್ಲ, ಇನ್ನೇನು ಬೇಕು' ಅಂತ ನಮಗೆ ಕೇಳೋರ ಬಾಯಿಗೂ ನಿನ್ನ ಬಾಯಿಗೂ ಏನು ವ್ಯತ್ಯಾಸ ಬ್ರದರ್?

ಇನ್ನೊಬ್ಬಳ ಕಥೆ ಕೇಳಿ. ಲ್ಯಾಬ್ರಡಾರಿನ ಗೂಸ್ ಬೇ ವಾಯುನೆಲೆಯಿಂದ 1980ರ ದಶಕದಲ್ಲಿ ನೇಟೋ ದೇಶಗಳ ಯುದ್ಧವಿಮಾನಗಳು ತರಬೇತಿಗೆ ಹಾರ್ತಿದ್ದವು, ಕೆಲವು ಸಲ ನೆಲದಿಂದ ಬರೀ ಮೂವತ್ತು ಮೀಟರ್ ಎತ್ತರದಲ್ಲಿ. ಗುಡಾರದಲ್ಲಿ ಮಲಗಿದ ಮಗು ಕಿರುಚಿ ಏಳೋದು, ಕ್ಯಾರಿಬೂ ಚದುರೋದು. 1988ರಲ್ಲಿ ಶೆಶಾಚಿಯು ಊರಿನ ಜನ, ಮುಂದಾಳಾಗಿ ಹೆಂಗಸರು, ನೆಟ್ಟಗೆ ರನ್‌ವೇ ಮೇಲೆ ಹೋಗಿ ಕೂತರು. ಅದರಲ್ಲಿ ಚೌಕ್ವೇಶ್ ಎಲಿಜಬೆತ್ ಪೆನಾಶುವೆ ಒಬ್ಬಳು. ಅನೇಕ ಸಲ ಜೈಲಿಗೆ ಹೋದಳು. 1989ರಲ್ಲಿ ನ್ಯಾಯಾಧೀಶ ಜೇಮ್ಸ್ ಇಗ್ಲೋಲಿಯೊರ್ಟಿ, ತಾನೂ ಇನುಯಿಟ್ ಮೂಲನಿವಾಸಿ, ಈ ನೆಲ ತಮ್ಮದು ಅಂತ ಇವರು ಪ್ರಾಮಾಣಿಕವಾಗಿ ನಂಬಿದ್ದಾರೆ ಅಂತ ಹೇಳಿ ಆಪಾದಿತರನ್ನ ಬಿಡುಗಡೆ ಮಾಡಿದರು. 1990ರಲ್ಲಿ ಅಲ್ಲಿ ಇನ್ನೂ ದೊಡ್ಡ ತರಬೇತಿ ಕೇಂದ್ರ ಕಟ್ಟೋ ಯೋಜನೆಯನ್ನ ನೇಟೋ ಕೈಬಿಟ್ಟಿತು. ಚೌಕ್ವೇಶ್ ತನ್ನ ನುಡಿಯಲ್ಲಿ ಬರೆದ ಡೈರಿ 2019ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಪ್ರಾರ್ಥನೆಯೂ ಇದೆ, ಕ್ಯಾರಿಬೂ ಕೂಡ ಇದೆ, ಪೊಲೀಸ್ ವ್ಯಾನೂ ಇದೆ. ಆಮೇಲೂ ವರ್ಷ ವರ್ಷ ಹಿಮದ ಮೆಟ್ಟು ಹಾಕ್ಕೊಂಡು, ಮೊಮ್ಮಕ್ಕಳನ್ನ, ಊರಿನವರನ್ನ ಕರ್ಕೊಂಡು ನುಚಿಮಿತ್‌ಗೆ ನಡೀತಿದ್ದಳು. ಈ ಹೆಂಗಸನ್ನ 'ಧರ್ಮ ಕಳ್ಕೊಂಡು ನಾಶವಾದ ಜನಾಂಗ' ಅಂತ ಕರೀತೀರಾ?

ಡೇವಿಸ್ ಇನ್ಲೆಟ್ ಕೂಡ ಅಳ್ತಾ ಕೂರಲಿಲ್ಲ. ಬೆಂಕಿ ದುರಂತ ಆದಮೇಲೆ ಸರ್ಕಾರದ ಆಯೋಗಕ್ಕೆ ಕಾಯದೆ ಊರಿನವರೇ ಕೂತು ತಮ್ಮ ವಿಚಾರಣೆ ತಾವೇ ನಡೆಸಿದರು. 1993ರ ಡಿಸೆಂಬರಿನಲ್ಲಿ ಮುಖ್ಯಸ್ಥೆ ಕೇಟಿ ರಿಚ್ ಮುಂದಾಳತ್ವದಲ್ಲಿ ಹೆಂಗಸರು ನ್ಯಾಯಾಧೀಶನನ್ನೇ ಊರಿಂದ ವಾಪಸ್ ಕಳಿಸಿದರು. ಹೋರಾಡಿ 2002ರಿಂದ ನಟುವಾಶಿಶ್ ಅನ್ನೋ ಹೊಸ ಊರಿಗೆ, ಭೂಖಂಡದ ನೆಲಕ್ಕೆ ಬಂದರು. ಅಲ್ಲಿಗೆ ಎಲ್ಲಾ ಕಷ್ಟ ಮುಗಿಯಲಿಲ್ಲ, ನಿಜ. ಜಾರ್ಜ್ ನದಿಯ ಕ್ಯಾರಿಬೂ ಹಿಂಡು 1990ರ ದಶಕದಲ್ಲಿ ಏಳೆಂಟು ಲಕ್ಷ ಇದ್ದದ್ದು 2018ರ ಎಣಿಕೆಯಲ್ಲಿ ಐದೂವರೆ ಸಾವಿರಕ್ಕೆ ಇಳಿದಿತ್ತು. ಮಕುಶಾನ್‌ಗೆ ಮೂಳೆ ಎಲ್ಲಿಂದ ತರಬೇಕು ಅನ್ನೋದು ಅವರ ಇವತ್ತಿನ ದುಃಖ. 2021ರಲ್ಲಿ ಎಕುವಾನಿಚಿತ್ ಊರಿನ ಇನ್ನು ಮಂಡಳಿ, ಅಲ್ಲಿನ ಸ್ಥಳೀಯ ಆಡಳಿತದ ಜೊತೆ ಸೇರಿ, ಮುತೆಹೆಕಾವ್ ಶಿಪು ನದಿಗೆ ಕಾನೂನಿನಲ್ಲಿ ವ್ಯಕ್ತಿಯ ಹಕ್ಕು ಇದೆ ಅಂತ ಘೋಷಿಸಿತು. ಆ ನದಿಗೂ ಅಣೆಕಟ್ಟು ಬೀಳಬಾರದು ಅಂತ. ಮನಿ-ಉತೆನಾಮಿನಲ್ಲಿ ವಸತಿ ಶಾಲೆ ಇದ್ದ ಅದೇ ಜಾಗದಲ್ಲಿ ಈಗ ವರ್ಷ ವರ್ಷ ಇನ್ನು ನಿಕಮು ಅನ್ನೋ ಹಾಡಿನ ಹಬ್ಬ ನಡೆಯುತ್ತೆ. ನುಡಿ ಮರೆಸೋಕೆ ಕಟ್ಟಿದ ಜಾಗದಲ್ಲಿ ಅದೇ ನುಡಿಯ ಹಾಡು.

ಇನ್ನು ಕ್ಷಮಾಪಣೆ. ಲ್ಯಾಬ್ರಡಾರ್ 1949ರಲ್ಲಿ ಕೆನಡಾ ಸೇರಿದರೂ ಅಲ್ಲಿನ ಇನ್ನು ಜನರನ್ನ ಅಧಿಕೃತ ಪಟ್ಟಿಗೆ ಸೇರಿಸಿದ್ದು 2002ರಲ್ಲಿ. 2008ರಲ್ಲಿ ಪ್ರಧಾನಿ ವಸತಿ ಶಾಲೆಗಳ ಬಗ್ಗೆ ಕ್ಷಮೆ ಕೇಳಿದಾಗ ಲ್ಯಾಬ್ರಡಾರಿನವರನ್ನ ಹೊರಗಿಟ್ಟರು. 2017ರಲ್ಲಿ ಇನ್ನೊಬ್ಬ ಪ್ರಧಾನಿ ಗೂಸ್ ಬೇಗೆ ಬಂದು ಕಣ್ಣೀರು ಹಾಕಿ ಕ್ಷಮೆ ಕೇಳಿದರು. ಲ್ಯಾಬ್ರಡಾರಿನ ಇನ್ನು ನೇಷನ್, ನಾವು ಅನುಭವಿಸಿದ್ದು ಪೂರ್ತಿ ಇದರಲ್ಲಿಲ್ಲ, ಈ ಕ್ಷಮೆ ನಮಗೆ ಬೇಡ ಅಂದುಬಿಟ್ಟಿತು. ಕ್ಷಮೆ ಕೇಳೋದು ನಿನ್ನ ಇಷ್ಟ, ಒಪ್ಪೋದು ನಮ್ಮ ಇಷ್ಟ. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಕೆನಡಾಕ್ಕೆ ಹೋಗಿ ಕ್ಷಮೆ ಕೇಳಿ, ಸಂತ ಅನ್ನಮ್ಮನ ಗುಡಿಯಲ್ಲಿ ಬಲಿಪೂಜೆ ಮಾಡುವಾಗ, ಮೂಲನಿವಾಸಿ ಹೆಂಗಸರು ಪೀಠದ ಮುಂದೆಯೇ ಬ್ಯಾನರ್ ಬಿಚ್ಚಿದರು. ಅನ್ಯರ ನೆಲವನ್ನ ಕ್ರೈಸ್ತ ರಾಜರು ವಶ ಮಾಡ್ಕೊಬಹುದು ಅಂತ ಹದಿನೈದನೇ ಶತಮಾನದ ಪೋಪರು ಹೊರಡಿಸಿದ ಆಜ್ಞೆಗಳ ತತ್ವವನ್ನ ರದ್ದು ಮಾಡು ಅಂತ. 2023ರ ಮಾರ್ಚಿನಲ್ಲಿ ವ್ಯಾಟಿಕನ್ ಆ ತತ್ವವನ್ನ ತಿರಸ್ಕರಿಸಿತು. ನೆಲ ಮಾತ್ರ ಇನ್ನೂ ಹಿಂದಕ್ಕೆ ಬಂದಿಲ್ಲ.

ಕೊನೆಗೆ ನಮ್ಮ ಊರಿಗೆ ಬರ್ತೀನಿ, ಯಾಕಂದ್ರೆ ಫಾರ್ವರ್ಡ್ ಬಂದದ್ದು ಇಲ್ಲಿಗೆ.

ಇನ್ನು ಜನ ಕೇಳಿದ್ದು ನೆಲ, ನದಿ, ನುಡಿ, ತಮ್ಮ ಶಾಲೆ ತಮ್ಮ ಕೈಲಿರಬೇಕು ಅನ್ನೋದು. ಮತಾಂತರ ನಿಷೇಧ ಕಾಯ್ದೆ ಅವರ ಬೇಡಿಕೆ ಪಟ್ಟಿಯಲ್ಲಿಲ್ಲ. ಅವರ ಹೆಸರು ಹಿಡ್ಕೊಂಡು ಆ ಕಾಯ್ದೆಗೆ ಬಲ ಹುಡುಕೋರು ಕಾಯ್ದೆಯನ್ನೇ ಸ್ವಲ್ಪ ಓದಿ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ, ಧರ್ಮ ಬದಲಿಸೋಕೆ ಮೂವತ್ತು ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಅಂದಿತು. ಮತಾಂತರ ಮಾಡಿದವರಿಗೆ ಹೆಚ್ಚಿನ ಶಿಕ್ಷೆ ಹೇಳುವಾಗ ಅಪ್ರಾಪ್ತರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು ಎಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸಿತು. ನಮಗೆ ಸ್ವಂತ ಬುದ್ಧಿ ಇಲ್ಲ ಅಂತ! 1634ರಲ್ಲಿ ಲ ಜೂನ್ ಕಂಡದ್ದೂ ಇದನ್ನೇ: ಬುದ್ಧಿ ಇಲ್ಲದ ಜನ, ನಾವು ತಿದ್ದಬೇಕಾದ ಮಕ್ಕಳು. ಆ ಪಾದ್ರಿಯ ನಿಜವಾದ ವಾರಸುದಾರರು ಯಾರು ಅಂತ ಈಗ ಹೇಳಿ. 2023ರಲ್ಲಿ ಸಚಿವ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ತಗೊಂಡಿತು, ಸರಿ. ಆದರೆ 1950ರ ರಾಷ್ಟ್ರಪತಿ ಆದೇಶ ಹಂಗೇ ಇದೆ. ಸಿಖ್ಖರನ್ನ 1956ರಲ್ಲಿ, ಬೌದ್ಧರನ್ನ 1990ರಲ್ಲಿ ಸೇರಿಸಿದರು. ಚರ್ಚಿಗೆ ಹೋದ ದಲಿತ ಇವತ್ತಿಗೂ ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗೆ.

ಬಾಬಾಸಾಹೇಬರು 1935ರಲ್ಲಿ ಘೋಷಿಸಿ, ಇಪ್ಪತ್ತೊಂದು ವರ್ಷ ಓದಿ ತೂಗಿ, 1956ರಲ್ಲಿ ಬುದ್ಧನ ಕಡೆ ನಡೆದರು. ಇನ್ನು ಜನಕ್ಕೆ ಆ ಪುರುಸೊತ್ತು ಸಿಗಲಿಲ್ಲ. ಅವರ ಮತಾಂತರದಲ್ಲಿ ಹಸಿವು, ರೋಗ, ವ್ಯಾಪಾರ, ಹೆದರಿಕೆ ಎಲ್ಲಾ ಬೆರೆತಿತ್ತು. ಅದನ್ನ ಶುದ್ಧ ಆಯ್ಕೆ ಅಂತ ನಾನು ಸುಳ್ಳು ಹೇಳಲ್ಲ. ಆದರೆ ನಾಲ್ಕು ನೂರು ವರ್ಷ ಅಜ್ಜಿಯರ ಬಾಯಲ್ಲಿ ಪಳಗಿದ ಪ್ರಾರ್ಥನೆ ಈಗ ಅವರದ್ದು. ಇಟ್ಕೊಳ್ಳೋದು, ಬಿಡೋದು, ಹಲಗೆ ಜೊತೆ ಬೆರೆಸೋದು ಅವರಿಗೆ ಸೇರಿದ ವಿಷಯ. ಅದನ್ನ ವ್ಯಾಟಿಕನ್ ತೀರ್ಮಾನ ಮಾಡೋಹಂಗಿಲ್ಲ, ಒಟ್ಟಾವಾ ಮಾಡೋಹಂಗಿಲ್ಲ, ನಾಗಪುರವಂತೂ ಮೊದಲೇ ಅಲ್ಲ. ನಾನೂ ನೀವೂ ಅಲ್ಲ.

ಆ ಗುಂಪಲ್ಲಿ ಚಪ್ಪಾಳೆ ಹೊಡೆದ ಹನ್ನೆರಡು ಜನಕ್ಕೆ ಒಂದೇ ಮಾತು. ಶತ್ರುಗೆ ಉತ್ತರ ಕೊಡೋ ಅವಸರದಲ್ಲಿ ಇನ್ನೊಬ್ಬ ಮೂಲನಿವಾಸಿಯ ತಟ್ಟೆ ನೋಡಿ ನಗಬೇಡಿ. ನಗೋ ಬಾಯಿ ನಮ್ಮದಾದರೆ ನಾವು ಕಲಿತದ್ದು ಬಾಬಾಸಾಹೇಬರಿಂದಲ್ಲ, ಮನುವಿನಿಂದ.

ಇನ್ನು ಅಂದ್ರೆ ಮನುಷ್ಯ. ಅಷ್ಟು ನೆನಪಿಟ್ಕೊಳಿ ಸಾಕು.

ಒಪ್ಪಿಗೆ ಆದರೆ ಹಂಚಿ. ಆ ಫಾರ್ವರ್ಡ್ ಬಂದ ಗುಂಪಿಗೂ ಹಾಕಿ.

ಜೈ ಭೀಮ್.